ಹೂಬಳ್ಳಿ ಸೊರಗಿದರೆ ಮೊದಲು ಎಲ್ಲಿ ನೋಡಬೇಕು?

ನರ್ಸರಿಯಿಂದ ತರುವಾಗ ಮೈತುಂಬ ಹೂವಿದ್ದ ಬಳ್ಳಿ ಮನೆಗೆ ಬಂದ ಎರಡೇ ತಿಂಗಳಲ್ಲಿ ಬರೀ ಎಲೆಯಾಗಿ ನಿಂತರೆ ಯಾರಿಗಾದರೂ ಬೇಸರವೇ. ಆಗ ಬಾಯಿಗೆ ಬರುವ ಮೊದಲ ಪ್ರಶ್ನೆ, "ಯಾವ ಗೊಬ್ಬರ ಹಾಕಲಿ?" ಆ ಪ್ರಶ್ನೆಯನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಹೂಬಳ್ಳಿ ಕೈಕೊಡುವುದು ಬಹುಮಟ್ಟಿಗೆ ನಾಲ್ಕು ಕಾರಣಕ್ಕೆ: ಬಿಸಿಲು ಸಾಲದು, ಬೇರಿನ ಹತ್ತಿರ ನೀರು ಹೆಚ್ಚು ಕಡಿಮೆಯಾಗಿದೆ, ರಾತ್ರಿಯ ಚಳಿ ತಡೆಯಲಾಗಿಲ್ಲ, ಇಲ್ಲವೇ ಕತ್ತರಿ ಆಡಬಾರದ ಹೊತ್ತಿನಲ್ಲಿ ಆಡಿದೆ. ಗೊಬ್ಬರ, ಔಷಧಿಯ ಸರದಿ ಇವೆಲ್ಲ ಆದ ಮೇಲೆ.

ಇಲ್ಲಿ ಹೇಳುತ್ತಿರುವುದು ಹಿಮ ತಡೆಯದ, ಬೆಚ್ಚನೆಯ ಸೀಮೆಯ ಬಳ್ಳಿಗಳ ವಿಚಾರ. ಬೋಗನ್‌ವಿಲ್ಲಾ, ಅಲಮಂಡ, ಮ್ಯಾಂಡೆವಿಲ್ಲಾ, ಕಿತ್ತಳೆ ಬಣ್ಣದ ಪೈರೊಸ್ಟೀಜಿಯಾ ದಕ್ಷಿಣ ಅಮೆರಿಕದವು. ಬಿಳಿ ಪುಷ್ಪಪಾತ್ರೆಯೊಳಗಿಂದ ಕೆಂಪು ಹೂ ಇಣುಕುವ ಕ್ಲೆರೋಡೆಂಡ್ರಮ್ ಪಶ್ಚಿಮ ಆಫ್ರಿಕದ್ದು, ವೈಡೂರ್ಯದ ಬಣ್ಣದ ಜೇಡ್ ಬಳ್ಳಿ ಫಿಲಿಪ್ಪೀನ್ಸ್‌ನದು. ಕೆಂಪು-ಹಳದಿ ಗೊಂಚಲು ತೂಗುಬಿಡುವ ಥನ್‌ಬರ್ಜಿಯಾ ಮೈಸೊರೆನ್ಸಿಸ್ ನಮ್ಮ ಪಶ್ಚಿಮ ಘಟ್ಟದ ಮಗಳೇ. ಮಲ್ಲಿಗೆ, ಜಾಜಿ, ಶಂಖಪುಷ್ಪ, ಗೌರಿ ಹೂ ಅಂತೂ ಹಿತ್ತಲಲ್ಲೇ ಇವೆ. ಇವೆಲ್ಲ ಈಗ ಬೆಂಗಳೂರಿನ ಬಾಲ್ಕನಿಯಲ್ಲೂ ಕಲಬುರಗಿಯ ತಾರಸಿಯಲ್ಲೂ ಮಂಗಳೂರಿನ ಅಂಗಳದಲ್ಲೂ ನ್ಯೂಜೆರ್ಸಿಯ ಕಿಟಕಿಯಲ್ಲೂ ಒಟ್ಟಿಗೇ ಬೆಳೆಯುತ್ತಿವೆ. ಬಳ್ಳಿ ಅದೇ ಆದರೂ ಊರು ಬದಲಾದರೆ ರೋಗ ಬದಲಾಗುತ್ತದೆ. ಹಾಗಾಗಿ ಉಡುಪಿಯ ಅತ್ತೆ ಹೇಳಿದ ಮದ್ದು ವಿಜಯಪುರದ ಸೊಸೆಯ ಗಿಡಕ್ಕೆ ಆಗಿಬರುವುದಿಲ್ಲ.

ಕತ್ತರಿ, ಡಬ್ಬಿ ಮುಟ್ಟುವ ಮೊದಲು

ಗಿಡದ ಮುಂದೆ ನಿಂತು ಎರಡು ವಿಷಯ ಖಚಿತ ಮಾಡಿಕೊಳ್ಳಿ. ತೊಂದರೆ ಕಾಣಿಸಿದ್ದು ಎಲ್ಲಿ? ತುದಿಯ ಎಳೆ ಎಲೆಯಲ್ಲೋ, ಬುಡದ ಹಳೆ ಎಲೆಯಲ್ಲೋ, ಮೊಗ್ಗಿನಲ್ಲೋ, ಒಂದೇ ಪಕ್ಕದಲ್ಲೋ, ಇಡೀ ಬಳ್ಳಿಯಲ್ಲೋ? ಶುರುವಾದದ್ದು ಯಾವಾಗ? ಕುಂಡ ಬದಲಿಸಿದ ಮೇಲೋ, ಮಳೆ ಹಿಡಿದ ಮೇಲೋ, ಚಳಿ ಬಿದ್ದ ಮೇಲೋ, ಸವರಿದ ಮೇಲೋ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಂದೇ ಪಕ್ಕ ಒಣಗಿದ್ದರೆ ಗಾಳಿ, ಕಾದ ಗೋಡೆ ಅಥವಾ ಆ ಕೊಂಬೆಯ ಬುಡಕ್ಕೆ ಆದ ಪೆಟ್ಟು. ಇಡೀ ಬಳ್ಳಿ ಒಮ್ಮೆಗೇ ಜೋತರೆ ಬೇರು. ತುದಿ ಮಾತ್ರ ಸುರುಟಿದ್ದರೆ ರಸ ಹೀರುವ ಕೀಟ.

ಇನ್ನು ನೀರು. ಅಪಾರ್ಟ್‌ಮೆಂಟಿನಲ್ಲಿ ಯಾರ ಗಿಡ ನೋಡಲು ಹೋದರೂ ಮಾತುಕತೆ ಹೀಗೇ ಸಾಗುತ್ತದೆ:

"ನೀರು ಹೇಗೆ ಹಾಕ್ತೀರಾ ಆಂಟಿ?"

"ದಿನಾ ತಪ್ಪದೆ ಒಂದು ಚೊಂಬು ಹಾಕ್ತೀನಪ್ಪಾ."

ಈ ದಿನಕ್ಕೊಂದು ಚೊಂಬೇ ಸಮಸ್ಯೆ. ಮೇಲಿನ ಎರಡಂಗುಲ ಸದಾ ಒದ್ದೆ, ಒಳಗೆ ಬೇರಿನ ಉಂಡೆ ಕೊಬ್ಬರಿ ನಾರಿನಂತೆ ಒಣಗಿಹೋಗಿರುತ್ತದೆ. ನರ್ಸರಿಯವರು ಬೆಳೆಸಿದ್ದು ಬರೀ ಕೋಕೋಪೀಟಿನಲ್ಲಾದರೆ, ಅಂದರೆ ತೆಂಗಿನ ನಾರಿನ ಪುಡಿಯಲ್ಲಾದರೆ, ಇನ್ನೂ ಕಷ್ಟ. ಒಮ್ಮೆ ಪೂರ್ತಿ ಒಣಗಿದ ಕೋಕೋಪೀಟ್ ಉಂಡೆ ಮತ್ತೆ ಸುಲಭವಾಗಿ ನೀರು ಕುಡಿಯುವುದಿಲ್ಲ. ಹಾಕಿದ ನೀರು ಕುಂಡದ ಅಂಚಿನಿಂದ ಜಾರಿ ಕೆಳಗಿನ ತೂತಿನಿಂದ ಹೊರಗೆ ಬರುತ್ತದೆ, ನೋಡುವವರಿಗೆ ಗಿಡ ಹೊಟ್ಟೆ ತುಂಬ ಕುಡಿಯಿತು ಅನಿಸುತ್ತದೆ. ಪರೀಕ್ಷೆ ಸುಲಭ. ನೀರು ಹಾಕುವ ಮೊದಲು ಕುಂಡ ಎತ್ತಿ ನೋಡಿ, ಹಾಕಿದ ಮೇಲೆ ಮತ್ತೆ ಎತ್ತಿ. ತೂಕದಲ್ಲಿ ವ್ಯತ್ಯಾಸ ತಿಳಿಯದಿದ್ದರೆ ನೀರು ಒಳಗೆ ಇಳಿದಿಲ್ಲ. ಕುಂಡವನ್ನು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಆಮೇಲೆ ಬೆರಳು ಎರಡಂಗುಲ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೆಳಗಿನಿಂದ ಹರಿಯುವಷ್ಟು ನೀರು ಕೊಡಿ.

ಅನುಮಾನ ಉಳಿದರೆ ಬೇರನ್ನೇ ನೋಡಿಬಿಡಿ. ಒಂದು ಕೈಯ ಬೆರಳ ಸಂದಿಯಲ್ಲಿ ಕಾಂಡ ಹಿಡಿದು, ಕುಂಡ ಬೋರಲು ಮಾಡಿ, ಅಂಚನ್ನು ಕಟ್ಟೆಗೆ ಮೆಲ್ಲಗೆ ತಟ್ಟಿದರೆ ಉಂಡೆ ಜಾರಿ ಬರುತ್ತದೆ. ಆರೋಗ್ಯದ ಬೇರು ಬೆಳ್ಳಗೆ ಅಥವಾ ತಿಳಿ ಕಂದು, ಎಳೆದರೆ ಬಿಗಿಯಾಗಿರುತ್ತದೆ, ಮಣ್ಣಿಗೆ ಮೊದಲ ಮಳೆಯ ವಾಸನೆ. ಕೊಳೆತ ಬೇರು ಕಪ್ಪಗಿದ್ದು, ಚಿವುಟಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ನಡುವೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮೂಗಿಗೆ ಮೋರಿಯ ವಾಸನೆ. ಬೇರು ಸುರುಳಿ ಸುರುಳಿಯಾಗಿ ಕುಂಡದ ಆಕಾರವನ್ನೇ ಹೊತ್ತು ಕೂತಿದ್ದರೆ ಅದು ರೋಗವಲ್ಲ, ಮನೆ ಸಣ್ಣದಾಗಿದೆ ಅಷ್ಟೆ. ಬೋಗನ್‌ವಿಲ್ಲಾ ಒಂದಕ್ಕೆ ಈ ಪರೀಕ್ಷೆ ಬೇಡ. ಅದರ ಬೇರು ಬಹಳ ಸೂಕ್ಷ್ಮ, ಉಂಡೆ ಒಡೆದರೆ ಒಳ್ಳೆಯ ಗಿಡವೂ ಮಲಗಿಬಿಡುತ್ತದೆ.

ಬಿಸಿಲಿನ ಲೆಕ್ಕಕ್ಕೆ ಮೊಬೈಲ್ ಸಾಕು. ರಜೆಯ ದಿನ ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ, ಎಲೆಯ ಮೇಲೆ ನೇರ ಬಿಸಿಲು ಬಿದ್ದ ಫೋಟೊ ಎಷ್ಟು ಎಂದು ಎಣಿಸಿ. "ನಮ್ಮ ಬಾಲ್ಕನಿಗೆ ಚೆನ್ನಾಗಿ ಬಿಸಿಲು ಬರತ್ತೆ" ಅನ್ನುವವರ ಲೆಕ್ಕ ಎರಡಕ್ಕೆ ನಿಂತರೆ ಆಶ್ಚರ್ಯಪಡಬೇಡಿ.

ಬಳ್ಳಿ ಹಬ್ಬಿದೆ, ಹೂವಿಲ್ಲ

ದೂರುಗಳಲ್ಲಿ ಇದೇ ದೊಡ್ಡದು. ಎಲೆ ಹಸಿರಾಗಿ, ದಪ್ಪಗೆ ಮಿರಮಿರ ಮಿಂಚುತ್ತಿದೆ, ಚಿಗುರು ದಿನಕ್ಕೊಂದು ಗೇಣು ಓಡುತ್ತಿದೆ, ಹೂ ಮಾತ್ರ ಇಲ್ಲ ಎಂದರೆ ಬಳ್ಳಿಗೆ ಕಾಯಿಲೆಯಿಲ್ಲ, ಸುಖ ಹೆಚ್ಚಾಗಿದೆ. ಸಾರಜನಕ ಹೆಚ್ಚು ಬಿದ್ದಿದೆ ಅಥವಾ ನೀರು ಧಾರಾಳವಾಗಿದೆ. ಹುಲ್ಲುಹಾಸಿಗೆ ಎರಚಿದ ಯೂರಿಯಾ ಪಕ್ಕದ ಚಪ್ಪರದ ಬಳ್ಳಿಗೂ ಸಿಗುತ್ತದೆ ಎನ್ನುವುದನ್ನು ಮರೆಯುವವರೇ ಹೆಚ್ಚು. ಅದೇ, ಎಲೆ ತೆಳ್ಳಗೆ, ಗೆಣ್ಣಿನಿಂದ ಗೆಣ್ಣಿಗೆ ದೂರ, ಬಳ್ಳಿ ಒಂದೇ ದಿಕ್ಕಿಗೆ ಕತ್ತು ಚಾಚಿದ್ದರೆ ಬಿಸಿಲು ಸಾಲದು. ಬೋಗನ್‌ವಿಲ್ಲಾ, ಅಲಮಂಡ, ಪೈರೊಸ್ಟೀಜಿಯಾಗೆ ಐದಾರು ಗಂಟೆ ನೇರ ಬಿಸಿಲು ಬೇಕೇಬೇಕು. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಬೋಗನ್‌ವಿಲ್ಲಾ ಹೂ ಬಿಡಲಿಲ್ಲ ಎಂದು ಗೊಬ್ಬರ ಬದಲಿಸುತ್ತಾ ಹೋಗುವುದು ದುಡ್ಡು ದಂಡ. ಅಲ್ಲಿಗೆ ಕ್ಲೆರೋಡೆಂಡ್ರಮ್ ತನ್ನಿ, ಅದು ಅರೆನೆರಳಲ್ಲೂ ಹೂ ಕೊಡುತ್ತದೆ.

ಬೋಗನ್‌ವಿಲ್ಲಾ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾವು ಹೂವೆಂದು ಕರೆಯುವ ಆ ಕಾಗದದಂಥ ಬಣ್ಣದ ಹಾಳೆಗಳು ನಿಜಕ್ಕೂ ಎಲೆಯ ಜಾತಿಯವು. ಹೂ ಎಂದರೆ ನಡುವಿನ ಸಣ್ಣ ಬಿಳಿ ಕೊಳವೆ. ಹಗಲು ಕಿರಿದಾಗಿ, ನೆಲ ಒಣಗಿ, ಬಿಸಿಲು ಚುರುಗುಟ್ಟಿದಾಗ ಅದು ರಂಗೇರುತ್ತದೆ. ವಿಜಯಪುರ, ರಾಯಚೂರಿನ ಕಡೆ ಯಾರೂ ನೋಡಿಕೊಳ್ಳದ ರಸ್ತೆ ವಿಭಜಕದಲ್ಲಿ ಅದು ಉರಿಯುವಂತೆ ಅರಳುವುದಕ್ಕೂ, ಬೆಂಗಳೂರಿನ ಮನೆಯಲ್ಲಿ ಮುದ್ದಿನಿಂದ ಸಾಕಿದ್ದು ಬರೀ ಮುಳ್ಳಾಗಿ ನಿಲ್ಲುವುದಕ್ಕೂ ಇದೇ ಕಾರಣ. ಬೆಂಗಳೂರು, ಮೈಸೂರಿನಲ್ಲಿ ಹೀಗೆ ಮಾಡಿ. ಹಿಂಗಾರು ಕಳೆದು ನವೆಂಬರ್ ಕೊನೆಗೆ ಆಕಾಶ ತಿಳಿಯಾದ ಮೇಲೆ ನೀರು ನಿಲ್ಲಿಸಿ. ಎಳೆ ಎಲೆ ಬಾಡಿ ಜೋತ ದಿನ ಒಮ್ಮೆ ಪೂರ್ತಿ ನೀರು ಕೊಡಿ, ಮತ್ತೆ ಜೋಲುವವರೆಗೆ ಕಾಯಿರಿ. ಇದೇ ಪಾಠ ಕೆಲವು ವಾರ ನಡೆದರೆ ಗೆಣ್ಣುಗಳಲ್ಲಿ ಬಣ್ಣ ಇಣುಕುತ್ತದೆ. ನಡುವೆ ಒಂದಷ್ಟು ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಆ ಹೊತ್ತಿನಲ್ಲಿ "ಪಾಪ, ಬಾಡಿದೆ" ಎಂದು ಮನೆಯವರು ಯಾರಾದರೂ ನೀರು ಸುರಿದರೆ ಎಲ್ಲವೂ ಮೊದಲಿನಿಂದ. ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಅದರಿಂದ ಹೂ ನಿರೀಕ್ಷಿಸಲೇಬೇಡಿ. ಕುಂಡದಲ್ಲಿದ್ದರೆ ಮಾಡಿನ ಕೆಳಗೆ ಸರಿಸಿಡಿ.

ಕತ್ತರಿಯಿಂದ ಹೂ ಕಳೆದುಕೊಳ್ಳುವವರು ಇನ್ನೊಂದು ಗುಂಪು. ಬಳ್ಳಿಗಳಲ್ಲಿ ಎರಡು ಸ್ವಭಾವ. ಹೊಸ ಚಿಗುರಿನ ತುದಿಯಲ್ಲಿ ಆಗಾಗ ಹೂ ಬಿಡುವವು ಒಂದು: ಮಲ್ಲಿಗೆ, ಜಾಜಿ, ಅಲಮಂಡ, ಸಂಜೆ ಬೆಳ್ಳಗೆ ಅರಳಿ ಮುಂದಿನ ದಿನಗಳಲ್ಲಿ ಗುಲಾಬಿ, ಕೆಂಪು ಬಣ್ಣಕ್ಕೆ ತಿರುಗುವ ರಂಗೂನ್ ಬಳ್ಳಿ. ಇವನ್ನು ಚೆನ್ನಾಗಿ ಸವರಿದಷ್ಟೂ ಲಾಭ. ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಕಿತ್ತು, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಬೇಸಗೆಯ ಹೂ ನಿಶ್ಚಿತ. ಸವರದೆ ಬಿಟ್ಟ ಮಲ್ಲಿಗೆ ಎಷ್ಟೇ ಹಬ್ಬಿದರೂ ದೇವರಿಗೆ ಒಂದು ಹಿಡಿ ಹೂ ಕೊಡುವುದಿಲ್ಲ. ಇನ್ನೊಂದು ಗುಂಪು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಬೆಳೆಸಿಕೊಂಡ ಕೊಂಬೆಯ ಮೇಲೆ ಹೂ ಬಿಡುವವು: ಜನವರಿ-ಫೆಬ್ರವರಿಯಲ್ಲಿ ಕಾಂಪೌಂಡಿನ ಮೇಲೆ ಕಿತ್ತಳೆ ಕಂಬಳಿ ಹೊದಿಸುವ ಪೈರೊಸ್ಟೀಜಿಯಾ, ಅದರ ಹಿಂದೆಯೇ ನೇರಳೆ ಗೊಂಚಲು ಬಿಡುವ, ಮರಳುಕಾಗದದಂತೆ ಒರಟು ಎಲೆಯ ಪೆಟ್ರಿಯಾ. ದೀಪಾವಳಿಗೆ ಮನೆ ಚೊಕ್ಕಟ ಮಾಡುವಾಗ ಇವುಗಳ ತಲೆ ಬೋಳಿಸಿದರೆ ಆ ವರ್ಷದ ಹೂವನ್ನೇ ಕಸದ ಗಾಡಿಗೆ ಹಾಕಿದಂತೆ. ಇವನ್ನು ಸವರುವುದು ಹೂ ಮುಗಿದ ಕೂಡಲೇ, ಯುಗಾದಿಯ ಆಸುಪಾಸಿನಲ್ಲಿ. ನಿಮ್ಮದು ಯಾವ ಗುಂಪು ಎಂದು ತಿಳಿಯದಿದ್ದರೆ ಒಂದು ವರ್ಷ ಮುಟ್ಟದೆ ಬಿಡಿ, ಅದೇ ಹೇಳುತ್ತದೆ.

ಥನ್‌ಬರ್ಜಿಯಾ ಮೈಸೊರೆನ್ಸಿಸ್ ಕೊಂಡವರದು ಬೇರೆಯೇ ದೂರು. ಗೋಡೆಗೆ ಹಬ್ಬಿಸಿದ್ದಾರೆ, ಹೂ ಬಂದರೂ ಎಲೆಯೊಳಗೆ ಸಿಕ್ಕಿಕೊಂಡು ಕಾಣುವುದೇ ಇಲ್ಲ. ಅದರ ಗೊಂಚಲು ಉದ್ದಕ್ಕೆ ನೇತಾಡುವಂಥದ್ದು. ತಲೆಯ ಮೇಲೆ ಎರಡು ಮೂರು ಅಡಿ ಜಾಗವಿರುವ ಎತ್ತರದ ಚಪ್ಪರ ಕೊಟ್ಟರೆ ಸೂರಕ್ಕಿಗಳು ದಿನವಿಡೀ ಜೋತಾಡುವಷ್ಟು ಹೂ. ಘಟ್ಟದ ತಂಪು, ತೇವ ಅಭ್ಯಾಸವಾದ ಅದಕ್ಕೆ ಬಯಲುಸೀಮೆಯ ಏಪ್ರಿಲ್ ಬಿಸಿಗಾಳಿ ಆಗದು. ಅಲ್ಲಿ ಮಧ್ಯಾಹ್ನದ ನೆರಳೂ ಬುಡಕ್ಕೆ ದಪ್ಪ ಮುಚ್ಚಿಗೆಯೂ ಬೇಕು. ಜೇಡ್ ಬಳ್ಳಿಯವರಿಗೆ ಒಂದೇ ಮಾತು: ಅದು ಮರವನ್ನೇ ಏರುವ ದೊಡ್ಡ ಬಳ್ಳಿ, ಮೊದಲ ಹೂವಿಗೆ ಕೆಲವು ವರ್ಷ ಹಿಡಿಯುತ್ತದೆ, ಕುಂಡದಲ್ಲಿ ಅದನ್ನು ನಂಬಬೇಡಿ. ಕರಾವಳಿ, ಕೊಡಗಿನ ತಪ್ಪಲಿನಂಥ ತೇವದ ಜಾಗವೇ ಅದಕ್ಕೆ ಸರಿ.

ಮೊಗ್ಗು ಕಟ್ಟಿ ಉದುರುತ್ತಿದೆ

ಮೊಗ್ಗು ಬಂದಿದೆ ಎಂದರೆ ಬಿಸಿಲು, ಕಾಲ ಸರಿಯಿದೆ. ದೋಷ ಈಚಿನದು. ಮೊದಲ ಅನುಮಾನ ನೀರಿನ ಏರುಪೇರಿನ ಮೇಲೆ. ಊರಿಗೆ ಹೋಗಿ ನಾಲ್ಕು ದಿನ ಒಣಗಿಸಿ, ಬಂದ ದಿನ ಎರಡು ಬಕೆಟ್ ಸುರಿದರೆ ಮೊಗ್ಗು ನಿಲ್ಲುವುದಿಲ್ಲ. ಕುಂಡದ ದಿಕ್ಕು ಬದಲಿಸುವುದು, ಮೊಗ್ಗಿದ್ದಾಗ ಬೇರೆ ಮೂಲೆಗೆ ಸಾಗಿಸುವುದು, ಏಸಿಯ ಹೊರಗಿನ ಯಂತ್ರದ ಬಿಸಿಗಾಳಿ, ವಿದೇಶದಲ್ಲಾದರೆ ಹೀಟರಿನ ಒಣಗಾಳಿ, ಇವೂ ಮೊಗ್ಗು ಉದುರಿಸುತ್ತವೆ.

ಮಲ್ಲಿಗೆಯಲ್ಲಿ ಮಾತ್ರ ಮೊಗ್ಗನ್ನೇ ಬಿಡಿಸಿ ನೋಡದೆ ತೀರ್ಪು ಕೊಡಬೇಡಿ. ಬಣ್ಣಗೆಟ್ಟ ನಾಲ್ಕು ಮೊಗ್ಗು ಕಿತ್ತು ಬಿಳಿ ಕಾಗದದ ಮೇಲೆ ಉಗುರಿನಿಂದ ಸೀಳಿ. ಪಕ್ಕದಲ್ಲಿ ಸೂಜಿ ಚುಚ್ಚಿದಂಥ ತೂತು, ಒಳಗೆ ಎಸಳು ತಿಂದು ಹಾಕಿದ ಕಪ್ಪು ಪುಡಿ, ಹಸಿರು ಬಣ್ಣದ ಪುಟ್ಟ ಹುಳು, ಅಕ್ಕಪಕ್ಕದ ಮೊಗ್ಗುಗಳನ್ನು ಹೊಲಿದಂತೆ ಸೇರಿಸಿದ ರೇಷ್ಮೆ ಎಳೆ ಇದ್ದರೆ ಮೊಗ್ಗು ಕೊರಕ. ಹೊರಗೆ ತೂತಿಲ್ಲ, ಆದರೆ ಮೊಗ್ಗಿನ ಬುಡ ಉಬ್ಬಿ, ಬಿಳಿಯ ಬದಲು ನೇರಳೆ ಛಾಯೆಗೆ ತಿರುಗಿ, ಅರಳುವ ಮೊದಲೇ ಒಣಗುತ್ತಿದೆ, ಸೀಳಿದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿಹುಳು ತೆವಳುತ್ತವೆ ಎಂದರೆ ಅದು ಹೂನೊಣ. ಹೂನೊಣದ ಮರಿ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಹಾಗಾಗಿ ಮೇಲೆ ಎಷ್ಟು ಸಿಂಪಡಿಸಿದರೂ ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡದಿದ್ದರೆ ಅದು ಮತ್ತೆ ಹಾಜರು. ಎರಡಕ್ಕೂ ಮೊದಲ ಕೆಲಸ ಒಂದೇ: ಕೆಟ್ಟ ಮೊಗ್ಗನ್ನೂ ಉದುರಿದ್ದನ್ನೂ ಆರಿಸಿ ಸುಟ್ಟುಹಾಕಿ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಗಿಡದ ಬುಡಕ್ಕೆ ಎಸೆಯಬೇಡಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯಲು ಎರಡು ಹನಿ ಸೋಪಿನ ದ್ರಾವಣ ಸೇರಿಸಿ, ಬಿಸಿಲಿಳಿದ ಮೇಲೆ ವಾರಕ್ಕೊಮ್ಮೆ ಸಿಂಪಡಿಸಿ. ಮುಡಿಯುವ ಹೂವಿಗೆ ಕಟು ಔಷಧಿ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಎಲೆ ಹಳದಿ: ಯಾವ ಎಲೆ, ಎಂಥ ಹಳದಿ?

ತುದಿಯ ಎಳೆ ಎಲೆ ಹಳದಿ ಅಥವಾ ಬಿಳಿಚಿದ್ದು, ನರ ಮಾತ್ರ ಹಸಿರು ಬಲೆಯಂತೆ ಎದ್ದು ಕಂಡರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು. ಮಣ್ಣು ಕ್ಷಾರವಾದಾಗ ಬೇರಿಗೆ ಅದು ದಕ್ಕುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಸಾಮಾನ್ಯವಾಗಿ ಕ್ಷಾರದ್ದೇ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ತಿಂಗಳಾನುಗಟ್ಟಲೆ ಬಿದ್ದ ಕುಂಡದ ಮಣ್ಣೂ ಅದೇ ದಾರಿ ಹಿಡಿಯುತ್ತದೆ. ಕುಂಡದ ಅಂಚಿನಲ್ಲಿ, ಹೊರಮೈಯಲ್ಲಿ ಬಿಳಿ ಪಟ್ಟೆ ಕಟ್ಟಿದ್ದರೆ ಅದೇ ಸಾಕ್ಷಿ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ನೆಲದ ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಪೇಪರ್ ಹಾಸಿಕೊಳ್ಳಿ. ಶಾಶ್ವತ ಪರಿಹಾರ ಮಳೆನೀರು ಹಿಡಿದು ಹಾಕುವುದೇ. ಬೇರು ಕೊಳೆತರೂ ಇದೇ ಲಕ್ಷಣ ಕಾಣುತ್ತದೆ, ಹಾಗಾಗಿ ಸಿಂಪಡಿಸುವ ಮೊದಲು ಬುಡ ಒದ್ದೆಯಾಗಿಯೇ ಇರುತ್ತದೆಯೇ ಎಂದು ನೋಡಿ.

ಬುಡದ ಹಳೆ ಎಲೆ ಸಮನಾಗಿ ಹಳದಿಯಾಗಿ ಉದುರಿದರೆ ಸಾರಜನಕ ಸಾಲದು, ಎರೆಗೊಬ್ಬರವೋ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿಯೋ ಕೊಡಿ. ಹಳೆ ಎಲೆಯಲ್ಲಿ ನರದ ನಡುವೆ ಹಳದಿಯಾದರೆ ಮೆಗ್ನೀಸಿಯಮ್, ಲೀಟರಿಗೆ ಒಂದು ಚಮಚ ಎಪ್ಸಮ್ ಉಪ್ಪು ಸಾಕು. ಎಲೆಯ ಅಂಚು ಸುಟ್ಟಂತೆ ಕಂದಾದರೆ ಉಪ್ಪು ಕೂತಿದೆ. ನೀರು ಕೆಳಗಿನಿಂದ ಧಾರಾಳವಾಗಿ ಹರಿದುಹೋಗುವಂತೆ ಕುಂಡವನ್ನು ಮೂರು ನಾಲ್ಕು ಸಲ ತೊಳೆಯಿರಿ, ಒಂದು ತಿಂಗಳು ರಸಗೊಬ್ಬರ ಮುಟ್ಟಬೇಡಿ.

ಅಡುಗೆಮನೆಯ ಮದ್ದುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೊಟ್ಟೆ ಚಿಪ್ಪಿನಲ್ಲಿರುವುದು ಸುಣ್ಣ, ಕಟ್ಟಿಗೆಯ ಬೂದಿಯೂ ಕ್ಷಾರ. ಉಡುಪಿ, ಮಂಗಳೂರಿನ ಮುರಕಲ್ಲು ಮಣ್ಣು ಹುಳಿ, ಭಾರಿ ಮಳೆಗೆ ಅದರ ಸತ್ವವೆಲ್ಲ ತೊಳೆದುಹೋಗಿರುತ್ತದೆ. ಅಲ್ಲಿ ಒಲೆಯ ಬೂದಿ ಮಲ್ಲಿಗೆಗೆ ನಿಜವಾಗಿ ಒಳ್ಳೆಯದು. ಅದೇ ಬೂದಿಯನ್ನು ಎರೆಮಣ್ಣಿನ ಅಥವಾ ಗಡಸು ನೀರಿನ ಊರಲ್ಲಿ ಹಾಕಿದರೆ ಹಳದಿ ಇನ್ನೂ ಹೆಚ್ಚುತ್ತದೆ.

ಚಳಿ, ಹಿಮ, ಹೀಟರು

ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಸರಾಸರಿ 15-16 ಡಿಗ್ರಿ. ಈ ಚಳಿಗೆ ಅಲಮಂಡ, ಮ್ಯಾಂಡೆವಿಲ್ಲಾ ಮುದುರಿ ಕೂರುತ್ತವೆಯೇ ಹೊರತು ಸಾಯುವುದಿಲ್ಲ. ಆಗ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ಎಬ್ಬಿಸಿ. ದೆಹಲಿಯ ಜನವರಿ ರಾತ್ರಿ 7 ಡಿಗ್ರಿಯ ಆಸುಪಾಸು. ಅಲ್ಲಿ ಇದೇ ಬಳ್ಳಿಗಳು ಎಲೆ ಕಳಚುತ್ತವೆ, ಶಂಖಪುಷ್ಪವನ್ನು ಪ್ರತಿ ಬೇಸಗೆಗೂ ಬೀಜದಿಂದ ಹೊಸದಾಗಿ ಎಬ್ಬಿಸುವುದೇ ಜಾಣತನ. ಬೀಜ ರಾತ್ರಿ ನೆನೆಸಿಟ್ಟರೆ ಬೇಗ ಮೊಳೆಯುತ್ತದೆ.

ಹೊರದೇಶದ ಕನ್ನಡಿಗರು ಮುಡಿಯಲೆಂದು, ಪೂಜೆಗೆಂದು ಮಲ್ಲಿಗೆಯ ಕುಂಡ ಸಾಕುತ್ತಾರೆ. ನ್ಯೂಜೆರ್ಸಿಯ ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯಬಹುದು. ಅಲ್ಲಿ ನೆಲದಲ್ಲಿ ನೆಟ್ಟ ಮಲ್ಲಿಗೆ ಉಳಿಯುವ ಪ್ರಶ್ನೆಯೇ ಇಲ್ಲ. ಲೆಕ್ಕ ಸರಳ: ರಾತ್ರಿ 10 ಡಿಗ್ರಿಗೆ ಇಳಿಯುವ ಸೂಚನೆ ಬಂದರೆ ಕುಂಡ ಒಳಗೆ. ನವರಾತ್ರಿಗೆ ಗೊಂಬೆ ಹೊರಬರುವ ಹೊತ್ತಿಗೆ ಮಲ್ಲಿಗೆ ಒಳಬರಬೇಕು ಎಂದಿಟ್ಟುಕೊಳ್ಳಿ. ಮೊದಲ ಹಿಮ ಬಿದ್ದ ಮಾರನೆಯ ಬೆಳಗ್ಗೆ ಎಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಗೆ, ನೀರು ನೀರಾಗಿ ಜೋತಿದ್ದರೆ ಅದು ಹಿಮದ ಪೆಟ್ಟು. ಕೂಡಲೇ ಸವರಬೇಡಿ, ಸತ್ತದ್ದು ಎಲ್ಲಿಯವರೆಗೆ ಎಂದು ತಿಳಿಯಲು ಚಿಗುರುವವರೆಗೂ ಕಾಯಬೇಕು.

ಒಳಗೆ ತಂದ ಮೇಲೆ ದಾರಿ ಎರಡು. ಬೆಚ್ಚನೆಯ ಕೋಣೆಯಲ್ಲಿ ದಕ್ಷಿಣದ ಕಿಟಕಿಯ ಪಕ್ಕ ಬೆಳೆಯಲು ಬಿಡುವುದು ಒಂದು, ಹಿಮ ಬೀಳದ ತಣ್ಣನೆಯ ಗ್ಯಾರೇಜಿನಲ್ಲಿ ಹೆಚ್ಚುಕಡಿಮೆ ಒಣಗಿಸಿಟ್ಟು ಮಲಗಿಸುವುದು ಇನ್ನೊಂದು. ಬೋಗನ್‌ವಿಲ್ಲಾಗೆ ಮಲಗುವುದೇ ಇಷ್ಟ. ಮಲ್ಲಿಗೆಗೆ ಕಿಟಕಿಯೇ ಸರಿ. ಗಡ್ಡೆಬೇರಿನ ಮ್ಯಾಂಡೆವಿಲ್ಲಾವನ್ನು ಅರ್ಧಕ್ಕೆ ಸವರಿ ಮಲಗಿಸಬಹುದು, ಆದರೆ 10 ಡಿಗ್ರಿಗಿಂತ ಕೆಳಗೆ ಬೇಡ, ಸವರುವಾಗ ಒಸರುವ ಹಾಲು ಚರ್ಮಕ್ಕೆ ತಾಗಿದರೆ ತುರಿಸುತ್ತದೆ. ಸಾಯುವುದೆಲ್ಲ ಇವೆರಡರ ನಡುವೆ ಸಿಕ್ಕಿಕೊಂಡ ಗಿಡಗಳು: ಮೂಲೆ ತಣ್ಣಗೆ, ಬೆಳಕು ಮಂಕು, ನೀರು ಮಾತ್ರ ಬೇಸಗೆಯಷ್ಟೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಲಂಡನ್ನಿನ ಡಿಸೆಂಬರ್ ಹಗಲು 8 ಗಂಟೆಗೂ ಕಡಿಮೆ, ಅದೂ ಮೋಡದ್ದು. ಅಲ್ಲಿ ಕಿಟಕಿಯ ಮಲ್ಲಿಗೆ ಚಳಿಗಾಲದಲ್ಲಿ ಎಲೆ ಉದುರಿಸುವುದು ಸಹಜ, ಅದು ಬೇಡವೆನಿಸಿದರೆ ಗಿಡ ಬೆಳೆಸಲೆಂದೇ ಇರುವ ದೀಪ, ಗ್ರೋ ಲೈಟ್ ಹಾಕಿ.

ಹೀಟರಿನ ಕೋಣೆಯಲ್ಲಿ ಎಲೆ ಮಂಕಾಗಿ, ಮೇಲೆಲ್ಲ ಹಳದಿ ಚುಕ್ಕೆ ಬಂದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಬಿದ್ದ ಧೂಳಿನ ಕಣಗಳು ನಡೆಯಲು ಶುರುಮಾಡಿದರೆ ಕೆಂಪು ನುಸಿ. ಒಣಗಾಳಿ ಅದಕ್ಕೆ ಹಬ್ಬ. ಗಿಡವನ್ನು ಬಾತ್‌ರೂಮಿಗೆ ಒಯ್ದು ಎಲೆಯ ತಳಭಾಗಕ್ಕೆ ಶವರ್ ಹಿಡಿಯಿರಿ, ವಾರಕ್ಕೆರಡು ಬಾರಿ, ಮೂರು ನಾಲ್ಕು ವಾರ. ಕಲಬುರಗಿಯ ಮೇ ತಿಂಗಳಲ್ಲೂ ಇದೇ ನುಸಿ, ಇದೇ ಉಪಾಯ. ವಸಂತದಲ್ಲಿ ಗಿಡವನ್ನು ಒಮ್ಮೆಗೇ ಹೊರಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ವಾರ ಹತ್ತು ದಿನ ನೆರಳಲ್ಲಿಟ್ಟು ಅಭ್ಯಾಸ ಮಾಡಿಸಿ. ಮೆಲ್ಬರ್ನ್, ಸಿಡ್ನಿಯವರು ಇಲ್ಲಿರುವ ತಿಂಗಳುಗಳನ್ನೆಲ್ಲ ಆರು ತಿಂಗಳು ಮುಂದೆ ತಳ್ಳಿಕೊಳ್ಳಬೇಕು. ಅಮ್ಮ ಫೋನಿನಲ್ಲಿ "ಡಿಸೆಂಬರಲ್ಲಿ ಸವರು" ಅಂದರೆ ಅಲ್ಲಿ ಅದು ಜೂನ್.

ಮಳೆಯೂರು, ಬಿಸಿಲೂರು

ಕರಾವಳಿ, ಮಲೆನಾಡಿನಲ್ಲಿ ಬಳ್ಳಿ ಸಾಯುವುದು ಜುಲೈನಲ್ಲಿ, ನೀರು ನಿಂತ ಗುಂಡಿಯಲ್ಲಿ. ಮುರಕಲ್ಲು ಕಡಿದು ಮಾಡಿದ ಗುಂಡಿ ತೊಟ್ಟಿಯಂತೆ ನೀರು ಹಿಡಿಯುತ್ತದೆ. ಗುಂಡಿಯಲ್ಲಿ ನೆಡದೆ ಒಂದಡಿ ದಿಬ್ಬ ಮಾಡಿ ನೆಡಿ. ಮಳೆಗಾಲದಲ್ಲಿ ಎಲೆಯ ಮೇಲೆ ಕಂದು ಚುಕ್ಕೆ ಬಂದು ಉದುರಿದರೆ ಅಂಥ ಎಲೆ ಗುಡಿಸಿ ತೆಗೆದು, ಒಳಗೊಳಗೇ ಹೆಣೆದುಕೊಂಡ ಕೊಂಬೆ ಬಿಡಿಸಿ ಗಾಳಿಯಾಡಲು ಬಿಡಿ. ಮಳೆ ನಿಂತರೆ ತಾನೇ ಸರಿಹೋಗುತ್ತದೆ.

ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಮಧ್ಯಾಹ್ನ ಎಲೆ ಜೋಲುವುದು ದೋಷವಲ್ಲ. ಸಂಜೆ ಏಳಕ್ಕೆ ಮತ್ತೆ ನೋಡಿ: ಎದ್ದು ನಿಂತಿದ್ದರೆ ಸುಮ್ಮನಿರಿ, ಬೆಳಗ್ಗೆಯೂ ಜೋತೇ ಇದ್ದರೆ ಬೇರಿನ ತೊಂದರೆ. ಮಧ್ಯಾಹ್ನ ಗಾಬರಿಯಾಗಿ ನೀರು ಹಾಕಿ ಹಾಕಿಯೇ ಬೇರು ಕೊಳೆಯುವುದು. ದುಬೈ, ಮಸ್ಕತ್ತಿನ ತಾರಸಿಯಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡ ಮುಟ್ಟಲಾಗದಷ್ಟು ಕಾಯುತ್ತದೆ, ಬೇರು ಒಳಗೇ ಬೇಯುತ್ತದೆ. ಬಿಳಿ ಬಟ್ಟೆ ಸುತ್ತಿ ಅಥವಾ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿ.

ಇರುವೆ ಸಾಲು ಬಳ್ಳಿ ಏರುತ್ತಿದ್ದರೆ ಅದರ ಜಾಡು ಹಿಡಿದು ಹೋಗಿ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂಥ ಹಿಟ್ಟುತಿಗಣೆ, ಎಲೆಯ ಮೇಲೆ ಅಂಟು, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಸಿಗುತ್ತದೆ. ಇರುವೆಯನ್ನು ತಡೆಯದೆ ತಿಗಣೆ ತೊಲಗುವುದಿಲ್ಲ. ಬುಡಕ್ಕೆ ಗ್ರೀಸ್ ಸವರಿದ ಪಟ್ಟಿ ಕಟ್ಟಿ, ತಿಗಣೆಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರಲ್ಲಿ ಉಜ್ಜಿ, ಆಮೇಲೆ ಬೇವಿನೆಣ್ಣೆ.

ಸತ್ತಿದೆಯೋ, ಮಲಗಿದೆಯೋ?

ಗೌರಿ ಹೂವಿನ ಬಳ್ಳಿಯನ್ನು ಸತ್ತಿತೆಂದು ಕಿತ್ತೆಸೆದವರು ಎಷ್ಟೋ ಮಂದಿ. ಮಳೆಗಾಲದಲ್ಲಿ ಎದ್ದು, ಗೌರಿ-ಗಣೇಶನ ಆಸುಪಾಸಿನಲ್ಲಿ ಬೆಂಕಿಯ ನಾಲಗೆಯಂಥ ಹೂ ಬಿಟ್ಟು, ಚಳಿಗೆ ಮೊದಲೇ ಬುಡದವರೆಗೆ ಒಣಗುವುದು ಅದರ ಜಾಯಮಾನ. ನೆಲದೊಳಗೆ ಗಡ್ಡೆ ಜೀವಂತವಾಗಿರುತ್ತದೆ. ನೀರು ನಿಲ್ಲಿಸಿ, ಕುಂಡಕ್ಕೊಂದು ಗುರುತು ಹಾಕಿ ಬಿಟ್ಟುಬಿಡಿ. ಆ ಗಡ್ಡೆ ಸೇರಿದಂತೆ ಇಡೀ ಗಿಡ ವಿಷ, ಮಕ್ಕಳ ಕೈಗೆ, ನಾಯಿ-ಬೆಕ್ಕಿನ ಬಾಯಿಗೆ ಸಿಗದ ಹಾಗೆ ಇಡಬೇಕು.

ಉಳಿದ ಬಳ್ಳಿಗಳಿಗೆ ಉಗುರೇ ವೈದ್ಯ. ತುದಿಯ ಹತ್ತಿರ ತೊಗಟೆಯನ್ನು ಮೆಲ್ಲಗೆ ಕೆರೆಯಿರಿ. ಕಂದು, ಒಣಕಲು ಕಂಡರೆ ಒಂದು ಗೇಣು ಕೆಳಗೆ, ಮತ್ತೂ ಒಂದು ಗೇಣು ಕೆಳಗೆ ಕೆರೆಯುತ್ತಾ ಬನ್ನಿ. ಹಸಿರು ಕಂಡ ಜಾಗದಿಂದ ಒಂದು ಅಂಗುಲ ಕೆಳಗೆ, ಗೆಣ್ಣಿಗಿಂತ ತುಸು ಮೇಲೆ ಕತ್ತರಿಸಿ. ಬುಡದವರೆಗೂ ಹಸಿರಿಲ್ಲ, ಬೇರೂ ಕಪ್ಪು ಎಂದಾದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಬೇರು ಕೊಳೆತು ಹೋದದ್ದಾದರೆ ಆ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ, ಕುಂಡ ತೊಳೆದು ನಾಲ್ಕು ದಿನ ಬಿಸಿಲಿಗೆ ಬೋರಲು ಹಾಕಿ. ಅದೇ ಜಾಗಕ್ಕೆ ಮತ್ತೊಂದು ಬಳ್ಳಿ ತರುವ ಮೊದಲು ಮೊಬೈಲಿನ ಆ ಬಿಸಿಲಿನ ಫೋಟೊಗಳನ್ನು ನರ್ಸರಿಯವರಿಗೆ ತೋರಿಸಿ, ಇಷ್ಟು ಬಿಸಿಲಿಗೆ ಹೂ ಬಿಡುವುದನ್ನೇ ಕೊಡಿ ಎಂದು ಕೇಳಿ.